ಹೊಸ ಎಲ್‌ಇಡಿ ಬೀದಿದೀಪ ಹಾಕಿಸುವ ಮುನ್ನ ಏನೇನು ಕೇಳಬೇಕು?

ಬಡಾವಣೆ ನಿವಾಸಿ, ಮೈಸೂರು

ನಮ್ಮದು ಮೈಸೂರಿನ ಹೊರವಲಯದ ಖಾಸಗಿ ಬಡಾವಣೆ. ಇನ್ನೂ ಸ್ಥಳೀಯಾಡಳಿತಕ್ಕೆ ಹಸ್ತಾಂತರವಾಗಿಲ್ಲದ ಕಾರಣ ಬೀದಿದೀಪದ ಖರ್ಚು, ವಿದ್ಯುತ್ ಬಿಲ್ ಎರಡೂ ನಿವಾಸಿಗಳ ಸಂಘದ ತಲೆಯ ಮೇಲಿದೆ. ಹಳೆಯ ಸೋಡಿಯಂ ದೀಪಗಳು ಒಂದೊಂದಾಗಿ ಕೆಡುತ್ತಿರುವುದರಿಂದ ಎಲ್ಲವನ್ನೂ ಎಲ್‌ಇಡಿಗೆ ಬದಲಿಸಲು ಸಂಘ ತೀರ್ಮಾನಿಸಿದೆ. ಮಾದರಿ ನೋಡಲೆಂದು ಗುತ್ತಿಗೆದಾರರು ಮೂರನೇ ಅಡ್ಡರಸ್ತೆಯ ನಾಲ್ಕು ಕಂಬಗಳಿಗೆ ಹೊಸ ದೀಪ ಹಾಕಿ ಹೋಗಿದ್ದಾರೆ.

ಅಚ್ಚ ಬಿಳಿ ಬೆಳಕು. ಅಡ್ಡರಸ್ತೆಗೆ ಕಾಲಿಟ್ಟರೆ ಕಣ್ಣಿಗೆ ಚುಚ್ಚುತ್ತದೆ, ತಲೆ ತಗ್ಗಿಸಿಯೇ ನಡೆಯಬೇಕು. ಕಂಬದ ಎದುರಿನ ಮನೆಯ ಮೊದಲ ಮಹಡಿಯಲ್ಲಿರುವ ಹಿರಿಯರು ನಿದ್ದೆ ಬರದೆ ಕಿಟಕಿಗೆ ಜಮಖಾನ ಕಟ್ಟಿದ್ದಾರೆ. ನಮ್ಮ ತಾರಸಿಯಿಂದ ಪ್ರತಿ ಚಳಿಗಾಲದಲ್ಲಿ ಮಕ್ಕಳಿಗೆ ತೋರಿಸುತ್ತಿದ್ದ ಕೃತ್ತಿಕೆಯ ಗೊಂಚಲು ಈಗ ಮಸುಕು. ಸಭೆಯಲ್ಲಿ ಈ ಮಾತು ಎತ್ತಿದಾಗ "ಬೆಳಕು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಮೇಡಂ" ಎಂದರು. ಕೇಳಿದವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ, ಅಷ್ಟೆ.

ಮುಂದಿನ ಸಭೆಯಲ್ಲಿ ಗುತ್ತಿಗೆ ಅಂತಿಮವಾಗುತ್ತದೆ. ಒಮ್ಮೆ ಹಾಕಿದರೆ ಇನ್ನು ಹತ್ತು ವರ್ಷ ಅದೇ ದೀಪ. ದಯವಿಟ್ಟು ತಿಳಿದವರು ಹೇಳಿ, ಬರವಣಿಗೆಯಲ್ಲಿ ಏನೇನು ಕೇಳಬೇಕು?

ಕಂಬದ ಕೆಲಸ, ದಾವಣಗೆರೆ

ಮೇಡಂ, ನಾನು ಬೀದಿದೀಪದ ಗುತ್ತಿಗೆ ಕೆಲಸ ಮಾಡುವವನು. ಮೊದಲು ಇಷ್ಟು ತಿಳಿಸಿ. ಫಿಟ್ಟಿಂಗ್ ಎಷ್ಟು ವ್ಯಾಟ್? ಡಬ್ಬದ ಮೇಲೆ ಬೆಳಕಿನ ಬಣ್ಣ ಎಷ್ಟು ಕೆಲ್ವಿನ್ ಎಂದಿದೆ (ಅಂಕಿ ಏರಿದಷ್ಟೂ ಬೆಳಕು ನೀಲಿಬಿಳಿ, ಇಳಿದಷ್ಟೂ ಹಳದಿ)? ಕಂಬದಿಂದ ಕಂಬಕ್ಕೆ ಎಷ್ಟು ದೂರ, ರಸ್ತೆ ಎಷ್ಟು ಅಗಲ? ದೀಪ ನೆಲಕ್ಕೆ ಮಟ್ಟಸವಾಗಿ ಕೂತಿದೆಯೇ, ಮೂತಿ ಮೇಲೆತ್ತಿದೆಯೇ?

ಬಡಾವಣೆ ನಿವಾಸಿ, ಮೈಸೂರು

50 ವ್ಯಾಟ್, 6500 ಕೆಲ್ವಿನ್. ಕಂಬಗಳ ನಡುವೆ ಸುಮಾರು 30 ಮೀಟರ್, ರಸ್ತೆ 30 ಅಡಿ. ಹಳೆಯ ಸೋಡಿಯಂ ದೀಪದ ಬ್ರಾಕೆಟ್ಟಿಗೇ ಹೊಸದನ್ನು ಸಿಕ್ಕಿಸಿದ್ದಾರೆ, ಮೂತಿ ಮೇಲೆತ್ತಿದೆ. ಗಾಜಿನೊಳಗಿನ ಒಂದೊಂದು ಎಲ್‌ಇಡಿ ಚುಕ್ಕೆಯೂ ಅಡ್ಡರಸ್ತೆಯ ಆ ತುದಿಯಿಂದಲೇ ಕಾಣುತ್ತದೆ.

ಕಂಬದ ಕೆಲಸ, ದಾವಣಗೆರೆ

ನಿಮ್ಮ ತೊಂದರೆಯ ಮುಕ್ಕಾಲು ಪಾಲು ಈ ನಾಲ್ಕು ಸಾಲಿನಲ್ಲೇ ಇದೆ. ಬ್ರಾಕೆಟ್ಟಿನಿಂದ ಶುರು ಮಾಡುತ್ತೇನೆ.

ಸೋಡಿಯಂ ದೀಪದ ಬಲ್ಬ್ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ, ಹಿಂದಿನ ಪ್ರತಿಫಲಕ ಅದನ್ನು ಕೆಳಗೆ ತಿರುಗಿಸಬೇಕು. ರಸ್ತೆಯ ಆ ಬದಿಗೂ ತಲುಪಲಿ ಎಂದು ಆಗ ಬ್ರಾಕೆಟ್ಟನ್ನು ಓರೆಯಾಗಿ ಮೇಲಕ್ಕೆ ಬಾಗಿಸುತ್ತಿದ್ದರು. ಎಲ್‌ಇಡಿಯಲ್ಲಿ ಆ ಕೆಲಸವನ್ನು ಪ್ರತಿ ಚುಕ್ಕೆಯ ಮೇಲಿರುವ ಪುಟ್ಟ ಲೆನ್ಸ್ ಮಾಡುತ್ತದೆ. ಫಿಟ್ಟಿಂಗ್ ನೆಲಕ್ಕೆ ಮಟ್ಟಸವಾಗಿರುತ್ತದೆ ಎಂದು ಎಣಿಸಿಯೇ ಆ ಲೆನ್ಸನ್ನು ರೂಪಿಸಿರುತ್ತಾರೆ. ಹಳೆಯ ಓರೆ ಬ್ರಾಕೆಟ್ಟಿಗೆ ಸಿಕ್ಕಿಸಿದ ಕೂಡಲೇ ಲೆನ್ಸಿನ ಲೆಕ್ಕವೆಲ್ಲ ತಪ್ಪುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕಿನಲ್ಲಿ ಒಂದು ಪಾಲು ಎದುರು ಮನೆಯ ಮಹಡಿಗೆ, ಇನ್ನೊಂದು ಪಾಲು ಆಕಾಶಕ್ಕೆ ಹೋಗುತ್ತದೆ. ಕಣ್ಣು ಚುಚ್ಚುವುದೂ ಇದರಿಂದಲೇ. ಪರಿಹಾರ ದುಬಾರಿಯಲ್ಲ: ಕೋನ ಬದಲಿಸುವ ಸ್ಪಿಗಾಟ್ (ಬ್ರಾಕೆಟ್ಟಿಗೆ ಸಿಕ್ಕಿಸುವ ಭಾಗ) ಇರುವ ಫಿಟ್ಟಿಂಗ್ ಕೇಳಿ, ಏಣಿ ಹತ್ತಿದವರ ಕೈಯಲ್ಲಿ ರಸಮಟ್ಟ ಕೊಟ್ಟು ಸೊನ್ನೆ ಕೋನಕ್ಕೆ ಕೂರಿಸಿ.

ಈಗ ವ್ಯಾಟ್. ಬೀದಿದೀಪಕ್ಕೆ ನಮ್ಮ ದೇಶದ್ದೇ ಮಾನದಂಡವಿದೆ, ಐಎಸ್ 1944. ನೆಲಕ್ಕೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಹೆಚ್ಚು ವಾಹನ ಓಡಾಡುವ ಪ್ರಮುಖ ರಸ್ತೆಗೆ ಸರಾಸರಿ 30 ಲಕ್ಸ್, ಅದಕ್ಕಿಂತ ಕೆಳಗಿನದಕ್ಕೆ 15, ಓಡಾಟ ಇರುವ ಒಳರಸ್ತೆಗೆ 8, ಮನೆಗಳ ನಡುವಿನ ಸಣ್ಣ ರಸ್ತೆಗೆ 4. ನಿಮ್ಮ ಅಡ್ಡರಸ್ತೆ ಕೊನೆಯ ಗುಂಪಿನದು. 30 ಮೀಟರ್ ಉದ್ದ, 9 ಮೀಟರ್ ಅಗಲ ಎಂದರೆ ಒಂದು ದೀಪದ ಪಾಲಿಗೆ 270 ಚದರ ಮೀಟರ್. ಅದಕ್ಕೆ 4 ಲಕ್ಸ್ ಬೇಕೆಂದರೆ ನೆಲಕ್ಕೆ ಮುಟ್ಟಬೇಕಾದದ್ದು 1,080 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ; ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್). ದೀಪದಿಂದ ಹೊರಟದ್ದರಲ್ಲಿ ಅರ್ಧ ಮಾತ್ರ ರಸ್ತೆಗೆ ಬೀಳುತ್ತದೆ ಎಂದೂ, ಧೂಳು ಮತ್ತು ವಯಸ್ಸಿನಿಂದ ಐದರಲ್ಲಿ ಒಂದು ಪಾಲು ನಷ್ಟವೆಂದೂ ಹಿಡಿಯಿರಿ. ಆಗ ದೀಪ ಕೊಡಬೇಕಾದದ್ದು 2,700 ಲ್ಯೂಮೆನ್. ಈಗಿನ ಸಾಧಾರಣ ಎಲ್‌ಇಡಿ ವ್ಯಾಟಿಗೆ 110ರಿಂದ 120 ಲ್ಯೂಮೆನ್ ಕೊಡುತ್ತದೆ. 24 ಅಥವಾ 25 ವ್ಯಾಟ್ ಧಾರಾಳ ಸಾಕು. ನಿಮಗೆ ಹಾಕಿರುವುದು ಅದರ ಎರಡರಷ್ಟು.

ಸಭೆಯಲ್ಲಿ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿ. ಬಿಲ್ ಕಟ್ಟುವವರಿಗೆ ಇದಕ್ಕಿಂತ ಬೇಗ ಅರ್ಥವಾಗುವ ಭಾಷೆ ಬೇರೊಂದಿಲ್ಲ.

ಇರುಳುನೋಟ, ಬೆಂಗಳೂರು

ವ್ಯಾಟಿನ ಬಗ್ಗೆ ಮೇಲೆ ಹೇಳಿದ್ದಾರೆ, ಬಣ್ಣದ ಬಗ್ಗೆ ನಾನು ಸೇರಿಸುತ್ತೇನೆ. 6500 ಕೆಲ್ವಿನ್ ಎಂದರೆ ಡಬ್ಬದ ಮೇಲೆ 'ಕೂಲ್ ಡೇಲೈಟ್' ಎಂದು ಬರೆದಿರುವುದು. ಅದರಲ್ಲಿ ನೀಲಿಯ ಪಾಲು ಬಹಳ. ಬಿಳಿ ಎಲ್‌ಇಡಿಯ ನೀಲಿ ಬೆಳಕು ಅತಿ ಹೆಚ್ಚಿರುವುದು ಸುಮಾರು 450 ನ್ಯಾನೋಮೀಟರ್ ತರಂಗಾಂತರದಲ್ಲಿ, ಹಳೆಯ ಸೋಡಿಯಂನ ಹಳದಿ 589ರಲ್ಲಿ. ಗಾಳಿಯ ಕಣಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. ಲೆಕ್ಕ ಹಾಕಿದರೆ ಆ ನೀಲಿ ಈ ಹಳದಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿ ಕಾಣಲು ಕಾರಣವಾದ ನಿಯಮವೇ ರಾತ್ರಿಯ ಆಕಾಶವನ್ನು ಬೆಳ್ಳಗೆ ಮಾಡುತ್ತಿದೆ. ಹೀಗಾಗಿ 3000 ಕೆಲ್ವಿನ್‌ಗಿಂತ ಮೇಲೆ ಬೇಡವೇ ಬೇಡ. 2700 ಅಥವಾ 2200 ಸಿಕ್ಕರೆ ಇನ್ನೂ ಒಳ್ಳೆಯದು. ಅಮೆರಿಕದ ವೈದ್ಯಕೀಯ ಸಂಘವೂ 2016ರಲ್ಲಿ ಬೀದಿದೀಪಕ್ಕೆ 3000 ಮೀರದಿರಲಿ ಎಂದು ಸಲಹೆ ಕೊಟ್ಟಿದೆ. ಅವರ ಕಾಳಜಿ ನಿದ್ದೆ ಮತ್ತು ಕಣ್ಣು ಕೋರೈಸುವುದರ ಬಗ್ಗೆ, ನಕ್ಷತ್ರಗಳ ಬಗ್ಗೆ ಅಲ್ಲ. ಜಮಖಾನ ಕಟ್ಟಿದ ಹಿರಿಯರ ಪರವಾಗಿ ನೀವು ಇದನ್ನೇ ಹೇಳಬಹುದು. ವಯಸ್ಸಾದಂತೆ ಕಣ್ಣಿನ ಮಸೂರ ಬೆಳಕನ್ನು ಹೆಚ್ಚು ಚದುರಿಸುತ್ತದೆ, ಪೊರೆ ಬಂದವರಿಗಂತೂ ಬಿಳಿ ದೀಪದ ಎದುರು ನಡೆಯುವುದೇ ಹಿಂಸೆ.

ಆಕಾಶ ಎಷ್ಟು ಕೆಟ್ಟಿದೆ ಎಂದು ಸಂಘದವರಿಗೆ ತೋರಿಸಲು ಉಪಕರಣ ಬೇಕಾಗಿಲ್ಲ. ಬೇಸಿಗೆಯ ಸಂಜೆ ಸಪ್ತರ್ಷಿ ಮಂಡಲ ಮೇಲೆ ಬಂದಾಗ ವಸಿಷ್ಠನ ಪಕ್ಕದಲ್ಲಿ ಅರುಂಧತಿ ಕಾಣುತ್ತಾಳೆಯೇ ನೋಡಲು ಹೇಳಿ. ಅದು ನಾಲ್ಕನೇ ಕಾಂತಿಮಾನದ ನಕ್ಷತ್ರ (ಈ ಅಂಕಿ ಏರಿದಷ್ಟೂ ನಕ್ಷತ್ರ ಮಂದ); ಒಳ್ಳೆಯ ಕಣ್ಣಿಗೆ ಕತ್ತಲ ಊರಿನಲ್ಲಿ ಸಲೀಸಾಗಿ ಕಾಣುತ್ತದೆ. ಬೆಂಗಳೂರಿನ ನಡುಮಧ್ಯದ ನನ್ನ ಮನೆಯಿಂದ ವಸಿಷ್ಠ ಕಾಣುವುದೇ ಕಷ್ಟ. ಮದುವೆಗಳಲ್ಲಿ ಇಂದಿಗೂ ವಧೂವರರಿಗೆ ಅರುಂಧತಿ ದರ್ಶನ ಮಾಡಿಸುತ್ತೇವೆ. ಆಕೆಯನ್ನು ನಿಜವಾಗಿ ನೋಡಿದ ದಂಪತಿಗಳು ಕಡಿಮೆಯಾಗುತ್ತಿದ್ದಾರೆ ಎಂಬುದು ನನಗೆ ನೋವಿನ ಸಂಗತಿ.

2023ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಐವತ್ತು ಸಾವಿರಕ್ಕೂ ಹೆಚ್ಚು ಬರಿಗಣ್ಣಿನ ವೀಕ್ಷಣೆಗಳನ್ನು ಒಟ್ಟುಗೂಡಿಸಿತ್ತು. 2011ರಿಂದ 2022ರವರೆಗೆ ರಾತ್ರಿಯ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಏರಿದೆ. ಎಂಟು ವರ್ಷ ತುಂಬುವುದರೊಳಗೆ ಇಮ್ಮಡಿ. ಒಂದು ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಊರಿನಲ್ಲಿ ಅದಕ್ಕೆ ಹದಿನೆಂಟು ತುಂಬುವಷ್ಟರಲ್ಲಿ 100 ಉಳಿಯುತ್ತವೆ.

ರಾತ್ರಿಪಾಳಿ, ಹುಬ್ಬಳ್ಳಿ

ನಾನು ನರ್ಸ್. ರಾತ್ರಿ ಹನ್ನೊಂದರ ಮೇಲೆ ಒಬ್ಬಳೇ ಮನೆಗೆ ನಡೆದು ಹೋಗುವವಳು. ಇಲ್ಲಿಯವರೆಗಿನ ಮಾತು ಓದಿದೆ. ನಕ್ಷತ್ರದ ಬಗ್ಗೆ ನನಗೂ ಪ್ರೀತಿಯಿದೆ, ಆದರೆ ಬೆಳಕು ಕಡಿಮೆ ಮಾಡಿ ಎಂಬ ಮಾತು ಕೇಳಿದ ಕೂಡಲೇ ನನ್ನ ಎದೆಯಲ್ಲಿ ಅಳುಕು. ಕತ್ತಲ ರಸ್ತೆಯ ಭಯ ಎಂತಹದ್ದೆಂದು ಅದನ್ನು ದಿನವೂ ದಾಟುವ ಹೆಣ್ಣುಮಕ್ಕಳನ್ನು ಕೇಳಿ. ಯಾವ ತೀರ್ಮಾನ ಮಾಡುವುದಿದ್ದರೂ ನಮ್ಮನ್ನು ಕೇಳಿ ಮಾಡಿ.

ಇರುಳುನೋಟ, ಬೆಂಗಳೂರು

ನಿಮ್ಮ ಮಾತು ನೂರಕ್ಕೆ ನೂರು ಸರಿ. ಈ ವಿಷಯದಲ್ಲಿ ಎರಡೂ ಕಡೆಯ ಅಧ್ಯಯನಗಳಿವೆ, ಅನುಕೂಲವಾದುದನ್ನು ಮಾತ್ರ ಹೇಳಿದರೆ ಮೋಸವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯಾಡಳಿತಗಳ ಹದಿನಾಲ್ಕು ವರ್ಷಗಳ ದಾಖಲೆ ನೋಡಿ 2015ರಲ್ಲಿ ಪ್ರಕಟವಾದ ಸಂಶೋಧನೆ, ಬೀದಿದೀಪವನ್ನು ಮಂದಗೊಳಿಸಿದ್ದರಿಂದಾಗಲಿ ಆರಿಸಿದ್ದರಿಂದಾಗಲಿ ಅಪರಾಧ ಅಥವಾ ಅಪಘಾತ ಹೆಚ್ಚಿದ ಪುರಾವೆ ಇಲ್ಲ ಎಂದಿತು. ಇನ್ನೊಂದು ಕಡೆ, 2016ರಲ್ಲಿ ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಹೆಚ್ಚುವರಿ ದೀಪಗೋಪುರ ನಿಲ್ಲಿಸಿ ನೋಡಿದ ಪ್ರಯೋಗದಲ್ಲಿ ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಶೇ 36ರಷ್ಟು ತಗ್ಗಿದವು. ಊರು, ಜನ, ಮೊದಲಿದ್ದ ಸ್ಥಿತಿ ಎಲ್ಲವನ್ನೂ ಅವಲಂಬಿಸಿದ ವಿಷಯ ಇದು. ಆದ್ದರಿಂದ ದೀಪ ಆರಿಸಿ ಎಂದು ನಾನು ಹೇಳುವುದಿಲ್ಲ.

ಒಂದು ಮಾತು ಕೇಳುತ್ತೇನೆ ಮೇಡಂ. ನೀವು ನಡೆಯುವ ದಾರಿಯಲ್ಲಿ ಹೆಚ್ಚು ಭಯವಾಗುವುದು ಎಲ್ಲಿ?

ರಾತ್ರಿಪಾಳಿ, ಹುಬ್ಬಳ್ಳಿ

ಎರಡು ಕಂಬಗಳ ನಡುವೆ. ಕಂಬದ ಬುಡದಲ್ಲಿ ಹಗಲಿನಂತಹ ಬೆಳಕಿನ ವೃತ್ತ, ಅದನ್ನು ದಾಟಿದ ಕೂಡಲೇ ಕಪ್ಪು. ಮುಂದಿನ ದೀಪ ನೇರ ಕಣ್ಣಿಗೆ ಹೊಡೆಯುತ್ತಿರುತ್ತದೆ, ಆದ್ದರಿಂದ ಕಾಂಪೌಂಡಿನ ಪಕ್ಕದಲ್ಲಿ ಯಾರಾದರೂ ನಿಂತಿದ್ದರೂ ಗೊತ್ತಾಗುವುದಿಲ್ಲ. ಅವರಿಗೆ ಮಾತ್ರ ನಾನು ಚೆನ್ನಾಗಿ ಕಾಣುತ್ತಿರುತ್ತೇನೆ. ಒಂದು ದೀಪ ಕೆಟ್ಟರೆ ಆ ತುಂಡು ದಾರಿ ಪೂರ್ತಿ ಪಾತಾಳ, ತಿಂಗಳುಗಟ್ಟಲೆ ಯಾರೂ ಸರಿಪಡಿಸುವುದಿಲ್ಲ.

ಕಂಬದ ಕೆಲಸ, ದಾವಣಗೆರೆ

ಇದನ್ನು ಪ್ರತಿಯೊಬ್ಬ ಬೀದಿದೀಪದ ಎಂಜಿನಿಯರ್ ಓದಬೇಕು. ನಮ್ಮ ಕೆಲಸದಲ್ಲಿ ಸರಾಸರಿ ಲಕ್ಸ್ ಜೊತೆಗೆ ಇನ್ನೊಂದು ಅಳತೆಯಿದೆ, ರಸ್ತೆಯ ಅತಿ ಮಂದ ಜಾಗದ ಬೆಳಕನ್ನು ಸರಾಸರಿಯಿಂದ ಭಾಗಿಸಿದರೆ ಬರುವ ಸಮತೆಯ ಅಂಕಿ. ಮಾನದಂಡ ಅದನ್ನೂ ಕೇಳುತ್ತದೆ, ಬಿಲ್ ಪಾಸು ಮಾಡುವವರು ಮಾತ್ರ ಅದನ್ನು ಅಳೆಯುವುದಿಲ್ಲ. ಕಂಬದ ಬುಡದಲ್ಲಿ ಮೀಟರ್ ಇಟ್ಟು "ಭಾರಿ ಬೆಳಕಿದೆ" ಎಂದು ಸಹಿ ಹಾಕುತ್ತಾರೆ. ಬುಡದಲ್ಲಿ 40 ಲಕ್ಸ್ ಇದ್ದು ನಡುವೆ ಏನೂ ಇಲ್ಲದಿರುವ ರಸ್ತೆಗಿಂತ ಉದ್ದಕ್ಕೂ 4 ಲಕ್ಸ್ ಹರಡಿರುವ ರಸ್ತೆಯಲ್ಲಿ ಮನುಷ್ಯರ ಮುಖ ಚೆನ್ನಾಗಿ ಗುರುತು ಸಿಗುತ್ತದೆ. ಹುಣ್ಣಿಮೆಯ ಬೆಳಕು ಕಾಲು ಲಕ್ಸನ್ನೂ ಮುಟ್ಟುವುದಿಲ್ಲ, ಆದರೂ ಅದರಲ್ಲಿ ಹೊಲದ ಬದು ಹಿಡಿದು ನಡೆದವರು ನಾವು. ಎಲ್ಲ ಕಡೆ ಒಂದೇ ಸಮನೆ ಇರುವುದರಿಂದ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ.

ಅಂದರೆ ರಾತ್ರಿಪಾಳಿಯವರಿಗೆ ಬೇಕಾದ ರಸ್ತೆ ಮತ್ತು ಇರುಳುನೋಟದವರಿಗೆ ಬೇಕಾದ ಆಕಾಶ ಎರಡಕ್ಕೂ ಫಿಟ್ಟಿಂಗ್ ಒಂದೇ. ಮೇಲಕ್ಕೆ ಸೊನ್ನೆ ಬೆಳಕು, ಕಣ್ಣಿನ ಮಟ್ಟಕ್ಕೆ ಕಡಿಮೆ, ನೆಲದ ಮೇಲೆ ಉದ್ದಕ್ಕೆ ಹರಡುವ ಲೆನ್ಸ್. ತಯಾರಕರ ಪತ್ರದಲ್ಲಿ 'ಬಿಯುಜಿ' ಎಂಬ ಮೂರಕ್ಷರದ ಅಂಕಿ ಇರುತ್ತದೆ. ಬಿ ಎಂದರೆ ಕಂಬದ ಹಿಂದಕ್ಕೆ ಹೋಗುವ ಬೆಳಕು, ಯು ಮೇಲಕ್ಕೆ ಹೋಗುವುದು, ಜಿ ಕಣ್ಣು ಕೋರೈಸುವುದು. 'ಯು 0' ಇಲ್ಲದ ಫಿಟ್ಟಿಂಗನ್ನು ಮುಟ್ಟಬೇಡಿ. ಅದೂ ಮಟ್ಟಸವಾಗಿ ಕೂರಿಸಿದರೆ ಮಾತ್ರ ಸೊನ್ನೆ, ಓರೆಯಾದರೆ ಆ ಅಂಕಿಗೆ ಅರ್ಥವಿಲ್ಲ.

ಹೊಲದ ಬದು, ಕೊಪ್ಪಳ ಜಿಲ್ಲೆ

ನಮ್ಮ ಕೇರಿಯಲ್ಲಿ ಕಂಬವಿದೆ, ದೀಪವಿಲ್ಲ. ನಗರದವರು ಬೆಳಕು ಹೆಚ್ಚಾಯಿತು ಎನ್ನುವಾಗ ನಮ್ಮ ಮಕ್ಕಳು ಮೊಬೈಲ್ ಟಾರ್ಚ್ ಹಿಡಿದು ಹಾವು ನೋಡಿಕೊಂಡು ಬಯಲಿಗೆ ಹೋಗುತ್ತಾರೆ. ಈ ಚರ್ಚೆಯಲ್ಲಿ ನಮಗೂ ಜಾಗವಿರಲಿ.

ಕಂಬದ ಕೆಲಸ, ದಾವಣಗೆರೆ

ಅಣ್ಣಾ, ನಿಮ್ಮ ಜಾಗ ಮೊದಲನೆಯದು. ಮೇಲಿನ ಲೆಕ್ಕವನ್ನು ನಿಮ್ಮ ಪಂಚಾಯಿತಿಗೆ ಹಚ್ಚಿ ನೋಡಿ. 50 ವ್ಯಾಟಿನ ಒಂದು ದೀಪ ಉರಿಯುವ ವಿದ್ಯುತ್ತಿನಲ್ಲಿ 25 ವ್ಯಾಟಿನ ಎರಡು ದೀಪ ಉರಿಯುತ್ತವೆ. ಬಸ್ ನಿಲ್ದಾಣದ ಎದುರು ಒಂದು ಹೈಮಾಸ್ಟ್ ಕಂಬ (ತುದಿಯಲ್ಲಿ ಹಲವು ದೀಪಗಳಿರುವ ಎತ್ತರದ ಕಂಬ) ನಿಲ್ಲಿಸಿ ಉದ್ಘಾಟನೆ ಮಾಡುವ ಹಣದಲ್ಲಿ ಹಲವು ಕೇರಿಗಳಿಗೆ ಸಣ್ಣ ದೀಪ ಬರುತ್ತವೆ. ಹೈಮಾಸ್ಟಿನ ಬೆಳಕು ಸುತ್ತಲಿನ ಮನೆಗಳ ಛಾವಣಿಯ ಮೇಲೆ ಬಿದ್ದು ಗೋಡೆಯ ಮರೆಯಲ್ಲಿರುವ ನಿಮ್ಮ ಓಣಿಗೆ ನೆರಳನ್ನಷ್ಟೇ ಕೊಡುತ್ತದೆ. ಬೆಳಕು ಪೋಲಾಗುವುದನ್ನು ತಡೆಯಿರಿ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಕತ್ತಲೆಯಲ್ಲಿರುವವರದು.

ಹಾವಿನ ವಿಷಯಕ್ಕೆ ಬಂದರೆ, ಓಣಿಗೆ ಬೆಚ್ಚನೆ ಹಳದಿ ದೀಪವನ್ನೇ ಕೇಳಿ. ಬಿಳಿ ದೀಪಕ್ಕೆ ಹುಳ ಮುತ್ತುವುದು ಹೆಚ್ಚು. ಹುಳ ಬಂದಲ್ಲಿ ಕಪ್ಪೆ, ಕಪ್ಪೆ ಬಂದಲ್ಲಿ ಹಾವು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇರುಳುನೋಟ, ಬೆಂಗಳೂರು

ಹುಳದ ಮಾತಿಗೆ ಒಂದು ಸೇರ್ಪಡೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತುವುದನ್ನು ಎಲ್ಲರೂ ನೋಡಿದ್ದೇವೆ. ಹುಳಗಳು ಬೆಳಕಿಗೆ ಆಸೆಪಟ್ಟು ಬರುತ್ತವೆ ಎಂಬ ನಂಬಿಕೆ ಹಳೆಯದು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ವೇಗದ ಕ್ಯಾಮೆರಾ ಇಟ್ಟು ಬೇರೆಯದೇ ಕಾರಣ ತೋರಿಸಿತು. ಹಾರುವ ಹುಳಗಳು ಬೆಳಕಿರುವ ಕಡೆಗೆ ಬೆನ್ನು ತಿರುಗಿಸಿ ಹಾರುತ್ತವೆ. ಕೋಟ್ಯಂತರ ವರ್ಷ ಬೆಳಕಿರುವ ಕಡೆ ಎಂದರೆ ಆಕಾಶವೇ ಆಗಿತ್ತು. ದೀಪದ ಬಳಿ ಬಂದಾಗ ಅದಕ್ಕೂ ಬೆನ್ನು ಕೊಡಲು ಹೋಗಿ ಸುತ್ತು ಹಾಕುತ್ತಲೇ ಉಳಿಯುತ್ತವೆ. ದೀಪಕ್ಕೆ ಮೇಲಿನಿಂದ ಮುಚ್ಚಳವಿದ್ದರೆ ಮೇಲೆ ಹಾರುವ ಹುಳಕ್ಕೆ ಅದು ಕಾಣುವುದೇ ಇಲ್ಲ.

ಕಡಲತಡಿ, ಹೊನ್ನಾವರ

ನಮ್ಮ ಕಡೆಯ ಮರಳದಂಡೆಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಹೊರಬರುವುದು ಹೆಚ್ಚಾಗಿ ರಾತ್ರಿ. ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಬೊಗಸೆಗಿಂತ ಚಿಕ್ಕ ಮರಿಗಳು ಮರಳಿನಿಂದ ಒಟ್ಟಿಗೆ ಉಕ್ಕುತ್ತವೆ, ಅರೆಗಳಿಗೆ ತಲೆ ಆಡಿಸಿ ದಿಕ್ಕು ನೋಡುತ್ತವೆ, ಬಳಿಕ ಒಂದೇ ಸಮನೆ ಓಡುತ್ತವೆ. ಅವು ಹಿಡಿಯುವುದು ದಿಗಂತದಲ್ಲಿ ಹೆಚ್ಚು ಬೆಳಕಿರುವ ದಿಕ್ಕನ್ನು. ದೀಪವಿಲ್ಲದ ದಂಡೆಯಲ್ಲಿ ಅದು ಕಡಲು. ದಂಡೆಯ ಹಿಂದೆ ಯಾರದೋ ವಸತಿಗೃಹದ ಬಿಳಿ ಫೋಕಸ್ ದೀಪ ಉರಿಯುತ್ತಿದ್ದ ರಾತ್ರಿ, ಮರಿಗಳು ಕಡಲಿಗೆ ಬೆನ್ನು ಹಾಕಿ ಮರಳಿನ ಮೇಲೆ ಹಬ್ಬುವ ಬಂಗುಡೆ ಬಳ್ಳಿಯ ನಡುವೆ ಸಿಕ್ಕಿಕೊಂಡು ರಸ್ತೆಯ ಕಡೆಗೆ ತೆವಳುತ್ತಿದ್ದವು. ಪುಟ್ಟ ಹೆಜ್ಜೆಗುರುತುಗಳೆಲ್ಲ ತಿರುವುಮುರುವು. ಬುಟ್ಟಿಯಲ್ಲಿ ತುಂಬಿ ನೀರಂಚಿಗೆ ಬಿಟ್ಟೆವು. ಸಿಕ್ಕಿದವನ್ನು ಮಾತ್ರ.

ಅಮೆರಿಕದ ಫ್ಲಾರಿಡಾದಲ್ಲಿ ಆಮೆ ದಂಡೆಗಳ ದೀಪಕ್ಕೆ ಮೂರು ನಿಯಮ ಹೇಳುತ್ತಾರೆ: ದೀಪ ತಗ್ಗಿನಲ್ಲಿರಲಿ, ಮುಚ್ಚಳವಿರಲಿ, ತರಂಗಾಂತರ ಉದ್ದವಿರಲಿ. ಅಂದರೆ 560 ನ್ಯಾನೋಮೀಟರ್ ದಾಟಿದ ಕಿತ್ತಳೆ ಅಥವಾ ಕೆಂಪು ಬೆಳಕು. 'ವಾರ್ಮ್ ವೈಟ್' ಎಂದು ಮಾರುವ ದೀಪ ಇಲ್ಲಿ ಸಾಲದು, ಅದರಲ್ಲೂ ನೀಲಿಯಿದೆ. ಕರಾವಳಿಯಲ್ಲಿ ವಸತಿಗೃಹ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಡಲ ಕಡೆಗೆ ಮುಖ ಮಾಡಿದ ಫೋಕಸ್ ದೀಪವೊಂದನ್ನು ಆರಿಸಿ. ನಿಮ್ಮ ಅತಿಥಿಗಳು ಕಡಲು ನೋಡಲು ಬಂದವರು, ಕತ್ತಲೆಯಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ಸೇವಂತಿಗೆ ತೋಟ, ಚಿಕ್ಕಬಳ್ಳಾಪುರ ಜಿಲ್ಲೆ

ರಾತ್ರಿ ನಮ್ಮ ಸೀಮೆಯಲ್ಲಿ ಓಡಾಡಿದವರು ಬಲ್ಬ್ ಸಾಲು ಉರಿಯುವ ಹೊಲಗಳನ್ನು ನೋಡಿರುತ್ತೀರಿ. ಸೇವಂತಿಗೆಗೆ ಉದ್ದನೆಯ ರಾತ್ರಿ ಸಿಕ್ಕರೆ ಮೊಗ್ಗು ಬಿಡುತ್ತದೆ. ಗಿಡ ಎತ್ತರಕ್ಕೆ ಬರಲಿ, ಹೂವು ಹಬ್ಬದ ಮಾರುಕಟ್ಟೆಗೆ ಸರಿಯಾಗಿ ಬರಲಿ ಎಂದು ರಾತ್ರಿ ಕೆಲವು ಗಂಟೆ ಬಲ್ಬ್ ಉರಿಸಿ ಗಿಡಕ್ಕೆ ರಾತ್ರಿ ಚಿಕ್ಕದೆಂಬ ಭ್ರಮೆ ಹುಟ್ಟಿಸುತ್ತೇವೆ. ಸಣ್ಣ ಬಲ್ಬಿನ ಮಂದ ಬೆಳಕೇ ಸಾಕು. ಇದನ್ನು ಏಕೆ ಬರೆದೆನೆಂದರೆ, ರಾತ್ರಿ ದೀಪ ಗಿಡಮರಕ್ಕೆ ಏನು ಮಾಡುತ್ತದೆ ಎಂದು ಕೇಳುವವರಿಗೆ ನಮ್ಮ ಹೊಲವೇ ಉತ್ತರ. ನಾವು ಬೇಕೆಂದು ಮಾಡುವುದನ್ನು ಬೀದಿದೀಪ ಬೇಡದ ಗಿಡಕ್ಕೂ ಮಾಡುತ್ತದೆ. ಹೆದ್ದಾರಿ ದೀಪದ ಪಕ್ಕದ ನನ್ನ ತಾಕಿನ ಒಂದು ಅಂಚು, ಬಲ್ಬ್ ಆರಿಸಿದ ಮೇಲೂ ಉಳಿದ ತಾಕಿಗಿಂತ ತಡವಾಗಿ ಮೊಗ್ಗು ಕಟ್ಟುತ್ತದೆ.

ನಮ್ಮ ಬಲ್ಬಿನ ಬೆಳಕೂ ಆಕಾಶಕ್ಕೆ ಹೋಗುತ್ತದೆ, ಒಪ್ಪುತ್ತೇನೆ. ಬಲ್ಬಿನ ಮೇಲೆ ತಗಡಿನ ಟೊಪ್ಪಿಗೆ ಹಾಕಿದರೆ ಗಿಡಕ್ಕೂ ಹೆಚ್ಚು ಬೆಳಕು ಸಿಗುತ್ತದೆ. ಈ ಸಲ ಒಂದು ತಾಕಿನಲ್ಲಿ ಹಾಕಿಸುತ್ತಿದ್ದೇನೆ.

ಟೂಸಾನ್ ಕನ್ನಡತಿ, ಅರಿಜೋನಾ

ನಾನಿರುವ ಟೂಸಾನ್ ನಗರದ ಸುತ್ತ ಬೆಟ್ಟಗಳ ಮೇಲೆ ದೊಡ್ಡ ವೀಕ್ಷಣಾಲಯಗಳಿವೆ. ಇದೇ ರಾಜ್ಯದ ಫ್ಲ್ಯಾಗ್‌ಸ್ಟಾಫ್ 1958ರಷ್ಟು ಹಿಂದೆಯೇ ಜಾಹೀರಾತಿನ ಶೋಧದೀಪಗಳಿಗೆ ಕಡಿವಾಣ ಹಾಕಿತ್ತು. 2001ರಲ್ಲಿ ಜಗತ್ತಿನ ಮೊದಲ 'ಡಾರ್ಕ್ ಸ್ಕೈ' (ಕತ್ತಲಾಕಾಶ ಕಾಪಾಡುವ) ನಗರವೆಂಬ ಮನ್ನಣೆ ಅದಕ್ಕೆ ಸಿಕ್ಕಿತು. ಅಲ್ಲಿ ಜನ ಕತ್ತಲಲ್ಲಿ ತಡಕಾಡುವುದಿಲ್ಲ. ರಸ್ತೆ ಚೆನ್ನಾಗಿ ಕಾಣುತ್ತದೆ, ದೀಪದ ಮೂಲ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಟೂಸಾನ್ ತನ್ನ ಬೀದಿದೀಪಗಳನ್ನು 3000 ಕೆಲ್ವಿನ್ ಎಲ್‌ಇಡಿಗೆ ಬದಲಿಸಿ ಮಧ್ಯರಾತ್ರಿಯ ನಂತರ ಮಂದಗೊಳಿಸುತ್ತದೆ. 2019ರಲ್ಲಿ ಕೆಲವು ರಾತ್ರಿ ದೀಪಗಳನ್ನು ಬೇಕೆಂದೇ ಏರಿಸಿ ಇಳಿಸಿ ಉಪಗ್ರಹದಿಂದ ಅಳೆದರು. ಮಧ್ಯರಾತ್ರಿಯ ಬಳಿಕ ಆಕಾಶದಿಂದ ಕಾಣುವ ನಗರದ ಬೆಳಕಿನಲ್ಲಿ ಬೀದಿದೀಪಗಳ ಪಾಲು ಶೇ 13 ಮಾತ್ರ ಎಂದು ಗೊತ್ತಾಯಿತು. ಉಳಿದದ್ದು ಅಂಗಡಿ ಫಲಕ, ವಾಹನ ನಿಲುಗಡೆ, ಆಟದ ಮೈದಾನ, ಮನೆಯ ಹೊರದೀಪ. ಬೀದಿದೀಪ ಒಪ್ಪವಾಗಿರುವ ನಗರದ ಅಂಕಿ ಅದು ಎಂಬುದು ನೆನಪಿರಲಿ. ಆದರೂ ಸಂಘದವರು ಕಂಬದ ಜೊತೆಗೆ ಮನೆಮನೆಯ ಗೇಟಿನ ದೀಪದ ಬಗ್ಗೆಯೂ ಮಾತನಾಡಲಿ. ಫ್ರಾನ್ಸಿನಲ್ಲಿ ಅಂಗಡಿಗಳ ಗಾಜಿನ ದೀಪ ರಾತ್ರಿ ಒಂದು ಗಂಟೆಗೆ ಆರಲೇಬೇಕೆಂಬ ಕಾನೂನೇ ಇದೆ.

ದೇವಸ್ಥಾನ ಸಮಿತಿ, ತುಮಕೂರು ಜಿಲ್ಲೆ

ನಮ್ಮ ಊರ ದೇವಸ್ಥಾನದ ಗೋಪುರಕ್ಕೆ ನೆಲದಿಂದ ನಾಲ್ಕು ದೊಡ್ಡ ಫೋಕಸ್ ದೀಪ ಹಾಕಿದ್ದೇವೆ. ಭಕ್ತರು ಕೊಡಿಸಿದ್ದು. ತೆಗೆಯಿರಿ ಎಂದರೆ ಮನಸ್ಸು ನೋಯುತ್ತದೆ. ದಾರಿ ಇದೆಯೇ?

ಇರುಳುನೋಟ, ಬೆಂಗಳೂರು

ಇದೆ ಸ್ವಾಮಿ. ಮೈಸೂರು ಅರಮನೆಯನ್ನೇ ನೋಡಿ, ಒಂದು ಲಕ್ಷದ ಹತ್ತಿರ ಬಲ್ಬುಗಳಿವೆ. ದಸರಾ ಬಿಟ್ಟರೆ ಮುಖ್ಯವಾಗಿ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ಒಂದಿಷ್ಟು ಹೊತ್ತು ಬೆಳಗುತ್ತವೆ, ಆಮೇಲೆ ಆರುತ್ತವೆ. ಅಷ್ಟು ಹೊತ್ತಿಗಾಗಿ ಜನ ಕಾದು ನಿಂತು ನೋಡುತ್ತಾರೆ. ನಿಮ್ಮಲ್ಲೂ ಸಂಧ್ಯಾಕಾಲದಿಂದ ಮಹಾಮಂಗಳಾರತಿಯವರೆಗೆ ಉರಿಸಿ, ಬಾಗಿಲು ಹಾಕಿದಾಗ ಟೈಮರ್ ಆರಿಸಲಿ. ದೀಪಗಳನ್ನು ಗೋಪುರದ ಹತ್ತಿರಕ್ಕೆ ತಂದು, ಕಿರಿದಾದ ಕಿರಣವಿರುವ ಚಿಕ್ಕ ದೀಪಗಳನ್ನು ಒಂದೊಂದು ಅಂತಸ್ತಿನ ಅಂಚಿನಲ್ಲಿ ಮೇಲಿನಿಂದ ಕೆಳಗೆ ಬೀಳುವಂತೆ ಇಟ್ಟರೆ ಶಿಲ್ಪಗಳ ನೆರಳುಬೆಳಕು ಎದ್ದು ಕಾಣುತ್ತದೆ. ನೆಲದಿಂದ ಹೊಡೆದ ಬೆಳಕಿನಲ್ಲಿ ಮುಖಗಳೆಲ್ಲ ಚಪ್ಪಟೆ, ಅರ್ಧ ಬೆಳಕು ಕಳಶ ದಾಟಿ ಹೋಗಿರುತ್ತದೆ. ಕೊಡಿಸಿದ ಭಕ್ತರ ಹೆಸರಿನಲ್ಲೇ ಹೊಸ ದೀಪ ಕೂರಿಸಿ.

ಈ ವಿಷಯದಲ್ಲಿ ಕರ್ನಾಟಕಕ್ಕೆ ನಂಟು ದೊಡ್ಡದು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯದು. ಹಾನ್ಲೆಯ ಸುತ್ತಲಿನ ಪ್ರದೇಶ 2022ರಲ್ಲಿ ಕತ್ತಲಾಕಾಶದ ರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅಲ್ಲಿನ ಹಳ್ಳಿಗರು ದೀಪಕ್ಕೆ ಮುಚ್ಚಳ, ಕಿಟಕಿಗೆ ದಪ್ಪ ಪರದೆ ಹಾಕಿ, ಪ್ರವಾಸಿಗರಿಗೆ ನಕ್ಷತ್ರ ತೋರಿಸಿ ದುಡಿಯುತ್ತಿದ್ದಾರೆ. 2024ರ ಜನವರಿಯಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿ ಅಭಯಾರಣ್ಯಕ್ಕೂ 'ಡಾರ್ಕ್ ಸ್ಕೈ ಪಾರ್ಕ್' ಮನ್ನಣೆ ಸಿಕ್ಕಿತು. ರಾತ್ರಿ ಸಂಚಾರವನ್ನೇ ನಿಲ್ಲಿಸಿ ಕಾಡಿನ ಇರುಳನ್ನು ಕಾಪಾಡಿದ ಬಂಡೀಪುರ ನಮ್ಮಲ್ಲಿದೆ. ಅದರ ಅಂಚಿನ ವಸತಿಗೃಹಗಳ ದೀಪದಿಂದ ಶುರು ಮಾಡಿ ನಾವೂ ಅಂತಹ ಮನ್ನಣೆಗೆ ಅರ್ಜಿ ಹಾಕಬೇಕು ಎಂಬುದು ನನ್ನ ಬಹುದಿನದ ಆಸೆ.

ಬಡಾವಣೆ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಸಭೆ ಮುಗಿಯಿತು. ಅದಕ್ಕೂ ಮೊದಲು ಗುತ್ತಿಗೆದಾರರನ್ನೇ ಕರೆದು ವಿನಂತಿಸಿದ್ದರಿಂದ ಅವರು ಎರಡು ಕಂಬಗಳಲ್ಲಿ 24 ವ್ಯಾಟ್, 3000 ಕೆಲ್ವಿನ್ ದೀಪವನ್ನು ಮಟ್ಟಸವಾಗಿ ಕೂರಿಸಿಕೊಟ್ಟರು. ಸಂಘದವರನ್ನೆಲ್ಲ ರಾತ್ರಿ ಊಟದ ನಂತರ ಮೂರನೇ ಅಡ್ಡರಸ್ತೆಗೆ ಕರೆದುಕೊಂಡು ಹೋದೆ. ಹೊಸ ಜೋಡಿಯ ಕೆಳಗೆ ನಿಂತು ಬಿಳಿ ಜೋಡಿಯ ಕಡೆ ನೋಡಲು ಹೇಳಿದೆ, ಆಮೇಲೆ ಅಲ್ಲಿಂದ ಇಲ್ಲಿಗೆ. ಬಿಳಿ ದೀಪದ ಹಿಂದಿನ ಗೇಟಿನ ಬಳಿ ನನ್ನ ಮಗ ನಿಂತಿದ್ದ, ಯಾರಿಗೂ ಕಾಣಲಿಲ್ಲ. ಹಳದಿ ದೀಪದ ಕಡೆ ಅಷ್ಟೇ ದೂರದಲ್ಲಿ ನಿಂತಾಗ ಅವನ ಕೈಯಲ್ಲಿದ್ದ ಪುಸ್ತಕವೂ ಕಂಡಿತು. ಬೆಳಕು ಹೆಚ್ಚಾದರೆ ಒಳ್ಳೆಯದೇ ಎಂದಿದ್ದ ಪದಾಧಿಕಾರಿಯೇ "ಇದನ್ನೇ ಹಾಕೋಣ" ಎಂದರು. ಹಿರಿಯರನ್ನು ಕೇಳಿದ್ದೇವೆ, ಜಮಖಾನ ತೆಗೆದಿದ್ದಾರೆ.

ಗುತ್ತಿಗೆ ಪತ್ರಕ್ಕೆ ಸೇರಿಸಿದ ಮಾತುಗಳು ಇವು. ಅಡ್ಡರಸ್ತೆಗೆ 25 ವ್ಯಾಟ್ ಮೀರಬಾರದು, ಮುಖ್ಯರಸ್ತೆಗೆ 45. ಬಣ್ಣ 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆ. 'ಯು 0' ಎಂದು ತಯಾರಕರ ಪತ್ರದಲ್ಲಿ ಇರಬೇಕು, ಸೊನ್ನೆ ಕೋನಕ್ಕೆ ಕೂರಿಸಬೇಕು. ರಾತ್ರಿ ಹನ್ನೊಂದರ ನಂತರ ಬೆಳಕನ್ನು ತಾನಾಗಿಯೇ ಅರ್ಧಕ್ಕೆ ಇಳಿಸುವ ಡ್ರೈವರ್ (ಎಲ್‌ಇಡಿಗೆ ವಿದ್ಯುತ್ ಹದವಾಗಿ ಕೊಡುವ ಭಾಗ) ಇರಬೇಕು, ಪೂರ್ತಿ ಆರಬಾರದು. ಈ ಕೊನೆಯದನ್ನು ನಿರ್ಧರಿಸುವ ಮೊದಲು ರಾತ್ರಿ ಕೆಲಸದಿಂದ ಬರುವ ನಮ್ಮ ಬಡಾವಣೆಯ ಮಹಿಳೆಯರನ್ನು ಕೂರಿಸಿ ಕೇಳಿದೆವು. ಬಸ್ ನಿಲ್ದಾಣದಿಂದ ಬರುವ ರಸ್ತೆಯನ್ನು ಮಂದಗೊಳಿಸಬೇಡಿ ಎಂದರು, ಹಾಗೆಯೇ ಬರೆದಿದ್ದೇವೆ. ರಾತ್ರಿಪಾಳಿಯವರೇ, ನಿಮ್ಮ ಮಾತಿನಿಂದ ಇದು ಸಾಧ್ಯವಾಯಿತು.

ಉಳಿದಿರುವ ಚಿಂತೆ ಒಂದೇ. ಮನೆಗಳ ಗೇಟಿನ ಫೋಕಸ್ ದೀಪಗಳು. ಅದರ ಮೇಲೆ ಸಂಘಕ್ಕೆ ಅಧಿಕಾರವಿಲ್ಲ.

ರಾತ್ರಿಪಾಳಿ, ಹುಬ್ಬಳ್ಳಿ

ಕೇಳಿ ಮಾಡಿದ್ದಕ್ಕೆ ಧನ್ಯವಾದ. ದೀಪ ಕೆಟ್ಟರೆ ಎಷ್ಟು ದಿನದೊಳಗೆ ಸರಿಪಡಿಸಬೇಕೆಂದು ಪತ್ರದಲ್ಲಿ ಇದೆಯೇ? ನನ್ನ ಮಟ್ಟಿಗೆ ಅದೇ ಮೊದಲ ಸಾಲಾಗಬೇಕು.

ಕಂಬದ ಕೆಲಸ, ದಾವಣಗೆರೆ

ಅವರು ಕೇಳಿದ್ದು ಸರಿ. 48 ಗಂಟೆ ಎಂದು ಬರೆಯಿರಿ, ಮೀರಿದರೆ ದಂಡ ಎಷ್ಟೆಂದೂ ಬರೆಯಿರಿ. ಕೆಡುವುದು ಎಲ್‌ಇಡಿಗಿಂತ ಹೆಚ್ಚಾಗಿ ಡ್ರೈವರ್, ಅದಕ್ಕೆ ಐದು ವರ್ಷದ ವಾರಂಟಿ ಮತ್ತು ಸಿಡಿಲು ಮಳೆಯಲ್ಲಿ ವಿದ್ಯುತ್ ದಿಢೀರ್ ಏರಿದರೆ ತಡೆಯುವ ಸರ್ಜ್ ರಕ್ಷಣೆ ಬೇಕು. ಕೆಲವು ಡ್ರೈವರ್‌ಗಳನ್ನು ದಾಸ್ತಾನಿನಲ್ಲಿ ಇಟ್ಟುಕೊಂಡರೆ ಕಾಯುವ ಪ್ರಮೇಯವಿಲ್ಲ.

ಉಳಿತಾಯದ ಲೆಕ್ಕವನ್ನೂ ಸಂಘಕ್ಕೆ ಕೊಡಿ. 50 ವ್ಯಾಟಿನ ದೀಪ ಹನ್ನೆರಡು ಗಂಟೆ ಉರಿದರೆ 0.6 ಯೂನಿಟ್. ನಿಮ್ಮ 25 ವ್ಯಾಟಿನ ದೀಪ ಸಂಜೆ ಆರೂವರೆಯಿಂದ ಹನ್ನೊಂದರವರೆಗೆ ಪೂರ್ತಿ, ಬೆಳಗಿನವರೆಗೆ ಅರ್ಧ ಉರಿದರೆ ಸುಮಾರು 0.2. ಅಂತಹ ಪ್ರತಿ ದೀಪದ ವಿದ್ಯುತ್ ಬಳಕೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಳಿದ ಹಣದಲ್ಲಿ ಗೇಟಿನ ದೀಪಕ್ಕೆ ಹಾಕುವ ತಗಡಿನ ಮುಚ್ಚಳ ಮತ್ತು ಚಲನೆ ಗುರುತಿಸುವ ಸೆನ್ಸರ್ ಕೊಂಡು ಒಪ್ಪಿದ ಮನೆಯವರಿಗೆ ಸಂಘವೇ ಹಾಕಿಕೊಡಲಿ. ಯಾರಾದರೂ ಬಂದಾಗ ಮಾತ್ರ ಹೊತ್ತುವ ದೀಪ ಕಳ್ಳನಿಗೂ ಮನೆಯವರಿಗೂ ಎಚ್ಚರಿಕೆ. ಇಡೀ ರಾತ್ರಿ ಉರಿಯುವುದನ್ನು ಯಾರೂ ತಿರುಗಿ ನೋಡುವುದಿಲ್ಲ. ಕೊನೆಯ ಕಂತು ಕೊಡುವ ಮುನ್ನ ಹಗಲಿನಲ್ಲಿ ಸಹಿ ಹಾಕಬೇಡಿ. ರಾತ್ರಿ ಮೀಟರ್ ಹಿಡಿದು ಎರಡು ಕಂಬಗಳ ನಡುವೆ ನಿಂತು ಅಳೆದು ಸಹಿ ಹಾಕಿ.